ಕಿಟ್ಟೆಲ್ ಕೋಶದ ಹಿಂದೆ

ನಮ್ಮ ಮನೆಯ ನಡುಮನೆಯಲ್ಲಿ ಪುಸ್ತಕಗಳ ಬೀರು ಒಂದಿದೆ. ಅದರ ಕೆಳಗಿನ ಸಾಲಿನ ಮೂಲೆಯಲ್ಲಿ ಕಿಟ್ಟೆಲರ ಕನ್ನಡ ಕೋಶ ನಿಂತಿದೆ. 1894ರಲ್ಲಿ ಮಂಗಳೂರಿನಲ್ಲಿ ಮೊದಲು ಅಚ್ಚಾದ, ಸುಮಾರು 70,000 ಶಬ್ದಗಳುಳ್ಳ ಮಹಾಗ್ರಂಥ ಅದು. ನನ್ನಲ್ಲಿರುವುದು ಬಹಳ ಈಚಿನ ಪ್ರತಿ. ಪಂಡಿತರು ಆ ಕೋಶವನ್ನು ಅದರ ವಿದ್ವತ್ತಿಗಾಗಿ ಗೌರವಿಸುತ್ತಾರೆ. ಮೂರು ವರ್ಷ ನಾನು ಅದನ್ನು ಗೌರವಿಸಿದ್ದು ಅದರ ಗಾತ್ರಕ್ಕಾಗಿ. ಮನೆಯಲ್ಲಿ ಅದನ್ನು ಕೈಯಲ್ಲಿ ಎತ್ತುವವನು ನಾನೊಬ್ಬನೇ. ಮಗನಿಗೆ ಒಂದು ಶಬ್ದದ ಅರ್ಥ ಬೇಕಾದರೆ ಅವನು ಫೋನನ್ನು ಕೇಳುತ್ತಾನೆ. ನನ್ನಾಕೆಗೆ ಕೋಶದ ಅಗತ್ಯವೇ ಇಲ್ಲ. ನಾನು ಬಾಯಿ ತೆರೆಯುವ ಮೊದಲೇ ಅವಳಿಗೆ ಅರ್ಥವಾಗಿರುತ್ತದೆ. ಆದ್ದರಿಂದ ಏನನ್ನಾದರೂ ಬಚ್ಚಿಡುವುದಕ್ಕೆ ಕೋಶದ ಹಿಂಭಾಗಕ್ಕಿಂತ ಭದ್ರವಾದ ಸ್ಥಳ ನಮ್ಮ ಮನೆಯಲ್ಲಿ ಇರಲಿಲ್ಲ. ನಾನು ಅಲ್ಲಿ ಬಚ್ಚಿಟ್ಟದ್ದು ಬ್ರಾಂದಿಯ ಬಾಟಲಿಯನ್ನು.

ಈ ಮಾತನ್ನು ಬರೆಯುವುದು ಸುಲಭವಲ್ಲ. ಸೊಪ್ಪಿನ ಹುಳಿ, ಸಂಜೆಯ ವಾಕಿಂಗು, ವರ್ಷಕ್ಕೊಂದು ಸತ್ಯನಾರಾಯಣ ಪೂಜೆ, ಇಷ್ಟರಲ್ಲಿ ಕಳೆದುಹೋಗುವ ಬಾಳು ನಮ್ಮದು. ಇಂಥ ಮನೆಯಲ್ಲಿ ಕುಡಿತವೆಂದರೆ ಬೇರೆ ಯಾರದೋ ಬೀದಿಯ ಸುದ್ದಿ. ನಾನೂ ಹಾಗೆಯೇ ತಿಳಿದಿದ್ದೆ.

ಮೂವತ್ತನಾಲ್ಕು ವರ್ಷ ಲೆಕ್ಕಪತ್ರದ ಕಚೇರಿಯಲ್ಲಿ ದುಡಿದು ನಿವೃತ್ತನಾದೆ. ಮೊದಲ ತಿಂಗಳು ಕಚೇರಿಯಿಂದ ದಿನಕ್ಕೊಂದು ಫೋನು ಬರುತ್ತಿತ್ತು. ಯಾವ ಕಡತ ಎಲ್ಲಿದೆ ಎಂದು ಕೇಳುತ್ತಿದ್ದರು. ಮೂರನೆಯ ತಿಂಗಳಿಗೆ ಕಡತಗಳೆಲ್ಲ ಸಿಕ್ಕಿರಬೇಕು, ಫೋನು ನಿಂತಿತು. ಅದೇ ಮಳೆಗಾಲದಲ್ಲಿ, ಇಪ್ಪತ್ತು ವರ್ಷ ನನ್ನ ಜೊತೆಯಲ್ಲಿ ನಡೆದಾಡಿದ ಗೆಳೆಯ ತೀರಿಕೊಂಡ. ಆಮೇಲೆ ನಿದ್ದೆ ಹೋಯಿತು. ರಾತ್ರಿ ಎರಡು ಗಂಟೆಗೆ ಎಚ್ಚರವಾದರೆ ಹಾಲಿನವನು ಬರುವವರೆಗೆ ಸೂರು ನೋಡುತ್ತ ಮಲಗಿರುತ್ತಿದ್ದೆ. ಊಟ ರುಚಿಸಲಿಲ್ಲ, ಪೇಪರು ಓದಬೇಕೆನಿಸಲಿಲ್ಲ. ಇದು ಕಾಯಿಲೆಯಿರಬಹುದೆಂದು ನನಗೆ ಹೊಳೆಯಲಿಲ್ಲ. ವಯಸ್ಸಾಯಿತು, ಅಷ್ಟೆ ಎಂದುಕೊಂಡೆ. ಒಂದು ಮದುವೆಮನೆಯಲ್ಲಿ ಪರಿಚಯದವರೊಬ್ಬರು ಕಿವಿಯಲ್ಲಿ ಹೇಳಿದರು: “ರಾತ್ರಿ ಒಂದು ಗುಟುಕು ಹಾಕಿ ನೋಡಿ ಸ್ವಾಮಿ, ಮಗುವಿನ ಹಾಗೆ ನಿದ್ದೆ ಬರುತ್ತೆ.” ಹಾಕಿ ನೋಡಿದೆ. ನಿಜವಾಗಿಯೂ ಬಂತು.

ನಳ ಮಹಾರಾಜನ ಕಥೆ ಎಲ್ಲರಿಗೂ ಗೊತ್ತು. ಅವನೊಳಗೆ ಹೊಗಲು ಕಲಿ ಹನ್ನೆರಡು ವರ್ಷ ಕಾದನಂತೆ. ಒಂದು ಸಂಜೆ ನಳ ಕಾಲು ತೊಳೆಯದೆ ಸಂಧ್ಯೆಗೆ ಕುಳಿತ. ಕಲಿಗೆ ಅಷ್ಟೇ ಸಾಕಾಯಿತು. ಹುಡುಗನಾಗಿದ್ದಾಗ ಇದನ್ನು ಕೇಳಿ, ಇಷ್ಟು ಸಣ್ಣ ತಪ್ಪಿಗೆ ಅಷ್ಟು ದೊಡ್ಡ ಶಿಕ್ಷೆಯೇ ಎಂದು ಅಜ್ಜಿಯೊಡನೆ ಜಗಳವಾಡಿದ್ದೆ. ಈಗ ಜಗಳವಿಲ್ಲ. ನನ್ನ ತೊಳೆಯದ ಹಿಮ್ಮಡಿ ನಿದ್ದೆಯಿಲ್ಲದ ರಾತ್ರಿ.

ಒಂದು ಗುಟುಕು ಎರಡಾಯಿತು. ಮೂರನೆಯ ವರ್ಷಕ್ಕೆ ಎರಡು ದಿನಕ್ಕೊಂದು ದೊಡ್ಡ ಬಾಟಲಿ ಬೇಕಾಯಿತು. ಲೆಕ್ಕದವನ ಬುದ್ಧಿಯನ್ನೆಲ್ಲ ಈ ಗುಟ್ಟಿನ ನಿರ್ವಹಣೆಗೆ ಸುರಿದೆ. ಖಾಲಿ ಬಾಟಲಿಗಳನ್ನು ತರಕಾರಿ ಚೀಲದ ತಳದಲ್ಲಿಟ್ಟು ಆಚೆ ಬಡಾವಣೆಯ ಕಸದ ಗುಡ್ಡೆಗೆ ಒಯ್ಯುತ್ತಿದ್ದೆ. ಒಂದೇ ಅಂಗಡಿಯಲ್ಲಿ ವಾರಕ್ಕೆರಡು ಸಲ ಕೊಳ್ಳುತ್ತಿರಲಿಲ್ಲ. ಜೇಬಿನಲ್ಲಿ ಸದಾ ಏಲಕ್ಕಿ, ಲವಂಗ. ಬೆಳಗ್ಗೆ ಕಾಫಿ ಲೋಟ ಹಿಡಿಯುವಾಗ ಕೈ ನಡುಗತೊಡಗಿದ ಮೇಲೆ, ಆ ನಡುಕ ನಿಲ್ಲಲೆಂದು ಕಾಫಿಗೆ ಮೊದಲೇ ಕೋಶದ ಅಗತ್ಯ ಬೀಳುತ್ತಿತ್ತು. ಬೆಳಗಾಗೆದ್ದು ಶಬ್ದಾರ್ಥ ಹುಡುಕುವ ವಿದ್ವಾಂಸ ಬೆಂಗಳೂರಿನಲ್ಲಿ ಬಹುಶಃ ನಾನೊಬ್ಬನೇ.

ಚಟಕ್ಕೂ ಚಟ್ಟಕ್ಕೂ ಒಂದೇ ಒತ್ತಿನ ದೂರ ಎಂದು ನಮ್ಮವರು ಹೇಳುವುದುಂಟು. ಆ ಒತ್ತು ಎಲ್ಲಿ ಬೀಳುತ್ತದೆ ಎಂಬುದನ್ನು ನಾನು ಕಂಡದ್ದು ಯುಗಾದಿಯ ಮೂರನೆಯ ರಾತ್ರಿ.

ಯುಗಾದಿಯ ಬೆಳಗ್ಗೆ ಬೇವು ಬೆಲ್ಲ ತಿಂದು, ದೇವರ ಮನೆಯಲ್ಲಿ ಒಬ್ಬನೇ ನಿಂತು ಆಣೆಯಿಟ್ಟುಕೊಂಡೆ, ಇನ್ನು ಒಂದು ಹನಿಯೂ ಇಲ್ಲ ಎಂದು. ಚಿಕ್ಕಂದಿನಿಂದ ಕೇಳಿದ ಉಪದೇಶ ಒಂದೇ: “ಮನಸ್ಸು ಗಟ್ಟಿಮಾಡಿಕೊ.” ಪರೀಕ್ಷೆ ಬಂದಾಗ, ಅಪ್ಪ ಹೋದಾಗ, ಬಡ್ತಿ ತಪ್ಪಿದಾಗ, ಎಲ್ಲಕ್ಕೂ ಅದೇ ಮದ್ದು. ಇದಕ್ಕೂ ಅದನ್ನೇ ಹಾಕಿದೆ. ಯಾರಿಗೂ ಹೇಳಲಿಲ್ಲ, ಬಿಟ್ಟೆನೆಂದು ಹೇಳಬೇಕಾದರೆ ಹಿಡಿದಿದ್ದೆನೆಂದೂ ಹೇಳಬೇಕಲ್ಲ! ಸಂಜೆಯ ಹೊತ್ತಿಗೆ ಬೆವರು, ವಾಕರಿಕೆ. ಮರುದಿನ ಸಹಿ ಹಾಕಲಾರದಷ್ಟು ನಡುಕ. ನನ್ನ ಮನಸ್ಸು ಗಟ್ಟಿಯಾಗುತ್ತಿದೆ, ಅದಕ್ಕೇ ದೇಹ ಒದ್ದಾಡುತ್ತಿದೆ ಎಂದು ಒಳಗೊಳಗೇ ಜಂಭಪಟ್ಟೆ.

ಮೂರನೆಯ ರಾತ್ರಿಯ ಕಥೆಯಲ್ಲಿ ಅರ್ಧ ನನ್ನದು, ಅರ್ಧ ನನ್ನಾಕೆಯದು. ಹೊದಿಕೆಯ ಮೇಲೆ ಇರುವೆಗಳು ಸಾಲುಗಟ್ಟಿ ಬರುತ್ತಿದ್ದುದು ನನಗೆ ಚೆನ್ನಾಗಿ ನೆನಪಿದೆ. ಒಂದೊಂದನ್ನೂ ಹೆಕ್ಕಿ ಹೆಕ್ಕಿ ಎಸೆದೆ. ಕಿಟಕಿಯಾಚೆ ಕಚೇರಿಯ ಜವಾನ ನನ್ನ ಹೆಸರು ಹಿಡಿದು ಕೂಗುತ್ತಿದ್ದ. ನಾನು ಎದ್ದು, ಕಡತ ಕೊಡಬೇಕೆಂದು ಬೀದಿಯ ಬಾಗಿಲು ತೆಗೆಯಲು ಹೋದೆನಂತೆ. ಅಲ್ಲಿಂದ ಮುಂದೆ ನನಗೆ ನೆನಪಿಲ್ಲ. ನನ್ನಾಕೆ ಮಗನನ್ನು ಎಬ್ಬಿಸಿದಳು. ತನ್ನ ತಮ್ಮನಿಗೆ ಫೋನು ಮಾಡಿದಳು. ಅವನು ಬಂದವನೇ, “ಅಕ್ಕ, ಭಾವನನ್ನು ನಿಮ್ಹಾನ್ಸಿಗೆ ಕರೆದುಕೊಂಡು ಹೋಗೋಣ. ಅಕ್ಕಪಕ್ಕದವರು ಕೇಳಿದರೆ ಜ್ವರ ಅನ್ನು” ಎಂದನಂತೆ.

ಆ ಹೆಸರಿಗೆ ನಮ್ಮ ಊರಿನಲ್ಲಿ ಇರುವ ಭಯ ಬೇರೆ ಯಾವ ಆಸ್ಪತ್ರೆಯ ಹೆಸರಿಗೂ ಇಲ್ಲ. ಹಿಂದಿನ ಮೈಸೂರು ಸರ್ಕಾರ 1925ರಷ್ಟು ಹಿಂದೆಯೇ ‘ಹುಚ್ಚರ ಆಸ್ಪತ್ರೆ’ ಎಂಬ ಹೆಸರನ್ನು ತೆಗೆದು ‘ಮಾನಸಿಕ ಆಸ್ಪತ್ರೆ’ ಎಂದು ಕರೆಯಿತು. 1954ರಲ್ಲಿ ಅದರ ಮಗ್ಗುಲಲ್ಲೇ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆ ಬಂತು. 1974ರಲ್ಲಿ ಎರಡೂ ಸೇರಿ ನಿಮ್ಹಾನ್ಸ್ ಆಯಿತು. ಹೆಸರು ಬದಲಾದಷ್ಟು ಬೇಗ ನಮ್ಮ ನಾಲಗೆ ಬದಲಾಗಲಿಲ್ಲ. ಯಾರಾದರೂ ಸ್ವಲ್ಪ ಅಡ್ಡಾದಿಡ್ಡಿ ಮಾತನಾಡಿದರೆ “ಇವನನ್ನು ನಿಮ್ಹಾನ್ಸಿಗೆ ಸೇರಿಸಬೇಕು” ಎಂದು ಕಚೇರಿಯಲ್ಲಿ ನಾನೇ ಎಷ್ಟು ಸಲ ನಗಿಸಿದ್ದೆನೋ!

ಮರುದಿನವೋ ಅದರ ಮರುದಿನವೋ ತಿಳಿವು ಬಂದಾಗ ಎದುರಿಗೆ ನಮ್ಮ ಮಗಳ ವಯಸ್ಸಿನ ಡಾಕ್ಟರಮ್ಮ ನಿಂತಿದ್ದರು. ಏಕೆ ಕುಡಿದಿರಿ ಎಂದು ಕೇಳುತ್ತಾರೆಂದು ಹೆದರಿದ್ದೆ. ಅವರು ಕೇಳಿದ್ದು, “ದಿನಕ್ಕೆ ಎಷ್ಟು, ಸಾರ್?”

“ಸ್ವಲ್ಪ” ಎಂದೆ.

ಮಂಚದ ಪಕ್ಕದಲ್ಲಿ ಕುಳಿತಿದ್ದ ನನ್ನಾಕೆ ಸೆರಗು ಸರಿಮಾಡಿಕೊಳ್ಳುತ್ತ ಹೇಳಿದಳು: “ದಿನಕ್ಕೆ ಅರ್ಧ ಬಾಟಲಿ, ಡಾಕ್ಟ್ರೆ. ಹೋದ ದೀಪಾವಳಿಯಿಂದ ಹೀಗೆ. ಅದಕ್ಕೂ ಮುಂಚೆ ಕಾಲು ಇತ್ತು.”

ನಾನು ತಲೆ ತಗ್ಗಿಸಿದೆ. ಅವಳಿಗೆ ಮೂರು ವರ್ಷದಿಂದಲೂ ಗೊತ್ತು! ಶುಕ್ರವಾರ ಶುಕ್ರವಾರ ಬೀರು ಒರೆಸುವವಳು ಅವಳೇ. ಬೇರೆ ಪುಸ್ತಕಗಳೆಲ್ಲ ಗೋಡೆಗೆ ಒತ್ತಿ ನಿಂತಿದ್ದರೆ ಕೋಶವೊಂದು ನಾಲ್ಕು ಬೆರಳು ಮುಂದಕ್ಕೆ ನಿಂತಿತ್ತಂತೆ. ಏಕೆ ಕೇಳಲಿಲ್ಲವೆಂದು ಆಮೇಲೆ ಒಂದು ದಿನ ವಿಚಾರಿಸಿದೆ. “ಕೇಳಿದರೆ ನೀವು ಇಲ್ಲ ಅಂತಿದ್ದಿರಿ. ಸುಳ್ಳು ಹೇಳಿದೋರನ್ನ ಮತ್ತೆ ಹೇಗೆ ನೋಡೋದು ಅಂತ ಸುಮ್ಮನಿದ್ದೆ. ಸುಮ್ಮನಿದ್ದದ್ದು ತಪ್ಪಾಯಿತು ಕಣ್ರೀ” ಎಂದಳು. ಗುಟ್ಟು ಕಾಯುವುದರಲ್ಲಿ ನಾನೊಬ್ಬನೇ ಇದ್ದೆನೆಂದು ತಿಳಿದಿದ್ದೆ. ಆ ಕಾವಲಿನಲ್ಲಿ ಅವಳೂ ಮೂರು ವರ್ಷ ನಿದ್ದೆಗೆಟ್ಟಿದ್ದಳು.

ಡಾಕ್ಟರಮ್ಮ ನನಗೆ ತಿಳಿಯುವ ಹಾಗೆ ತಕ್ಕಡಿಯ ಲೆಕ್ಕ ಹೇಳಿದರು. ಮಿದುಳಿನಲ್ಲಿ ಶಾಂತಗೊಳಿಸುವ ಒಂದು ತಟ್ಟೆ, ಚುರುಕುಗೊಳಿಸುವ ಒಂದು ತಟ್ಟೆ. ಮದ್ಯ ಶಾಂತಿಯ ಕಡೆ ತೂಕ ಹಾಕುತ್ತದೆ. ದಿನವೂ ಹಾಕುತ್ತಿದ್ದರೆ ಮಿದುಳು ಸಮ ಮಾಡಲೆಂದು ಎದುರು ತಟ್ಟೆಗೆ ತಾನೂ ತೂಕ ಸೇರಿಸಿಕೊಳ್ಳುತ್ತದೆ. ಹೀಗಿರುವಾಗ ಮದ್ಯವನ್ನು ಒಮ್ಮೆಲೇ ತೆಗೆದರೆ ಎದುರು ತಟ್ಟೆ ಧೊಪ್ಪನೆ ಬೀಳುತ್ತದೆ. ನಡುಕ, ಬೆವರು, ಇಲ್ಲದ್ದು ಕಾಣುವುದು, ಕೆಲವರಿಗೆ ಫಿಟ್ಸು. ಚಿಕಿತ್ಸೆಯಿಲ್ಲದಿದ್ದರೆ ಪ್ರಾಣವೂ ಹೋಗಬಹುದು. ಬಹುದಿನ ಬಹಳವಾಗಿ ಕುಡಿದವರು ಮನೆಯಲ್ಲಿ ಒಬ್ಬರೇ ಹಟ ತೊಟ್ಟು ನಿಲ್ಲಿಸಬಾರದು, ವೈದ್ಯರ ಕಣ್ಣೆದುರಿಗೆ ನಿಲ್ಲಿಸಬೇಕು ಎನ್ನುವುದು ಇದಕ್ಕೇ. ಮಾತ್ರೆ ಕೊಟ್ಟು ತಕ್ಕಡಿಯನ್ನು ಹಿಡಿದುಕೊಂಡು, ದಿನದಿನಕ್ಕೆ ಮಾತ್ರೆಯನ್ನು ಇಳಿಸುತ್ತ ಬಂದರು. ಬಿ1 ಜೀವಸತ್ವದ ಸೂಜಿ ಚುಚ್ಚಿದರು. ಕುಡಿಯುವವರ ದೇಹದಲ್ಲಿ ಅದು ಬತ್ತಿಹೋದರೆ ನೆನಪಿನ ಶಕ್ತಿಯೇ ಕೆಡುತ್ತದಂತೆ. ಮದ್ಯ ನಿದ್ದೆ ಬರಿಸಿದರೂ ರಾತ್ರಿಯ ಉತ್ತರಾರ್ಧದ ನಿದ್ದೆಯನ್ನು ಅದೇ ಕದಿಯುತ್ತದೆಂದು ಆಗಲೇ ನನಗೆ ತಿಳಿದದ್ದು. ಕಳ್ಳನನ್ನು ಕಾವಲಿಗಿಟ್ಟುಕೊಂಡಿದ್ದೆ.

ಅಲ್ಲಿಗೆ ಮುಗಿಯಲಿಲ್ಲ. ನಿವೃತ್ತಿಯ ಮೇಲೆ ಬಂದ ನಿದ್ದೆಗೇಡು, ರುಚಿಯಿಲ್ಲದ ಊಟ, ಯಾವುದೂ ಬೇಡವೆನಿಸುವುದು, ಇದೆಲ್ಲವನ್ನೂ ಅವರು ಒಂದೊಂದಾಗಿ ಕೇಳಿ ಬರೆದುಕೊಂಡರು. ಅದಕ್ಕೆ ಖಿನ್ನತೆ ಎಂದು ಹೆಸರು, ಅದಕ್ಕೂ ಚಿಕಿತ್ಸೆ ಇದೆ ಎಂದರು. ನಾನು ತಡೆಯಲಾರದೆ ಹೇಳಿದೆ: “ನನ್ನ ಮನಸ್ಸು ಗಟ್ಟಿಯಿಲ್ಲ ಡಾಕ್ಟ್ರೆ. ಅದಕ್ಕೇ ಹೀಗಾಯಿತು.”

ಅವರು ನಕ್ಕರು. “ಯಾರು ಸಾರ್ ಹಾಗೆ ಹೇಳಿದ್ದು? ಮೂರು ವರ್ಷ ಇಷ್ಟು ಗುಟ್ಟಾಗಿ ನಡೆಸಿದ್ದೀರಿ. ಅದಕ್ಕೆ ಎಷ್ಟು ಗಟ್ಟಿ ಮನಸ್ಸು ಬೇಕು!”

ಈ ಮಾತನ್ನು ನಾನು ಬಹಳ ದಿನ ಮೆಲುಕು ಹಾಕಿದೆ. ಕಾಲು ಮುರಿದವನಿಗೆ ಕಾಲು ಗಟ್ಟಿಮಾಡಿಕೊಂಡು ನಡೆ ಎಂದು ಯಾರೂ ಹೇಳುವುದಿಲ್ಲ. ಮನಸ್ಸಿಗೇ ರೋಗ ಬಂದಾಗ ಮಾತ್ರ ಆ ಮನಸ್ಸಿನಿಂದಲೇ ಚಿಕಿತ್ಸೆ ಮಾಡಿಸಲು ಹೊರಡುತ್ತೇವೆ. ನಳ ಜೂಜಾಡುತ್ತಿದ್ದಾಗ ಮಂತ್ರಿಗಳು ಬಂದು ಬೇಡಿದರು, ಪ್ರಜೆಗಳು ಬೇಡಿದರು, ದಮಯಂತಿ ಅತ್ತು ಬೇಡಿದಳು. ಅವನಿಗೆ ಕೇಳಿಸಲೇ ಇಲ್ಲ. ಕಲಿ ಅವನನ್ನು ಬಿಟ್ಟು ಹೊರಟದ್ದು ಯಾವಾಗ? ಆ ರಾಜ ಇನ್ನೊಬ್ಬನ ಸಾರಥಿಯಾಗಿ, ದಾರಿಯಲ್ಲಿ ಋತುಪರ್ಣನಿಂದ ದಾಳದ ಮರ್ಮವನ್ನೂ ಎಣಿಕೆಯ ವಿದ್ಯೆಯನ್ನೂ ಕಲಿತಾಗ. ಗೊತ್ತಿಲ್ಲದ್ದನ್ನು ಗೊತ್ತಿದ್ದವರ ಬಳಿ ಕಲಿತ, ಅಷ್ಟೆ.

ನನಗೂ ಎಣಿಕೆಯನ್ನೇ ಕಲಿಸಿದರು. ವಾರಕ್ಕೊಮ್ಮೆ ಮಾತನಾಡಿಸುತ್ತಿದ್ದ ಆಪ್ತಸಲಹೆಗಾರರು ನೋಟುಬುಕ್ಕೊಂದನ್ನು ಇಡಹೇಳಿದರು. ಕುಡಿಯಬೇಕೆನಿಸಿದ ಗಂಟೆ, ಆಗ ಎಲ್ಲಿದ್ದೆ, ಯಾರಿದ್ದರು, ಎಷ್ಟು ಹೊತ್ತಿಗೆ ಇಳಿಯಿತು. ಲೆಕ್ಕದವನಿಗೆ ಇದಕ್ಕಿಂತ ಒಗ್ಗುವ ಔಷಧ ಯಾವುದು! ಎರಡು ತಿಂಗಳ ಲೆಕ್ಕ ಕೂಡಿಸಿ ನೋಡಿದರೆ, ಆಸೆ ಅಲೆಯ ಹಾಗೆ ಏರಿ, ಅರ್ಧ ಗಂಟೆಯೊಳಗೆ ತಾನಾಗಿ ಇಳಿಯುತ್ತಿತ್ತು. ಸಂಜೆ ಆರೂವರೆ ನನ್ನ ಕೆಟ್ಟ ಗಳಿಗೆ, ಗೆಳೆಯನೊಡನೆ ವಾಕಿಂಗ್ ಮುಗಿಸಿ ಮರಳುತ್ತಿದ್ದ ಹೊತ್ತು.

ಒಂದು ಸಲ ಜಾರಿದ್ದೂ ಉಂಟು. ನಾಲ್ಕನೆಯ ತಿಂಗಳಲ್ಲಿ, ನೆಂಟರ ಮನೆಯ ಮದುವೆಯಲ್ಲಿ. ಮರುದಿನ ಆಸ್ಪತ್ರೆಗೆ ಹೋಗಲು ಕಾಲೇ ಬರಲಿಲ್ಲ. ನನ್ನಾಕೆ ಆಟೋ ಕರೆದು ತಂದು ಬಾಗಿಲಲ್ಲಿ ನಿಲ್ಲಿಸಿದಳು. ಡಾಕ್ಟರಮ್ಮ ಬೈಯಲಿಲ್ಲ, ಎಲ್ಲಿ ಜಾರಿತು ಎಂಬುದನ್ನು ನೋಟುಬುಕ್ಕಿನಲ್ಲಿ ಬರೆಯಿರಿ ಎಂದರು. ಕುಡಿತ ಬಿಟ್ಟವರು ತಮ್ಮಲ್ಲೇ ಸೇರುವ ಕೂಟವೊಂದಕ್ಕೂ ಹೋಗಿ ಬನ್ನಿ ಎಂದರು. ಈ ಕೂಟಗಳ ಹುಟ್ಟಿನ ಕಥೆ ನನಗೆ ಹಿಡಿಸಿತು. 1935ರಲ್ಲಿ ಅಮೆರಿಕದ ಓಹಾಯೋ ಪ್ರಾಂತದ ಆಕ್ರನ್ ಊರಿನ ಹೋಟೆಲಿನಲ್ಲಿ ಷೇರುಪೇಟೆಯವನೊಬ್ಬ ವ್ಯವಹಾರ ಮುರಿದು ನಿಂತಿದ್ದನಂತೆ. ಕುಡಿತ ಬಿಟ್ಟು ಕೆಲವೇ ತಿಂಗಳಾಗಿತ್ತು. ಒಂದು ಕಡೆ ಹೋಟೆಲಿನ ಬಾರು ಕರೆಯುತ್ತಿತ್ತು. ಅವನು ಬಾರಿಗೆ ಹೋಗದೆ ಫೋನಿನ ಬಳಿಗೆ ಹೋಗಿ, ಮಾತನಾಡಲು ಈ ಊರಿನಲ್ಲಿ ಇನ್ನೊಬ್ಬ ಕುಡುಕ ಸಿಕ್ಕಾನೆಯೇ ಎಂದು ವಿಚಾರಿಸಿದ. ಸಿಕ್ಕವನು ಒಬ್ಬ ಶಸ್ತ್ರವೈದ್ಯ. ಅವರಿಬ್ಬರ ಮಾತುಕತೆಯಿಂದ ಬೆಳೆದ ಕೂಟ ಅದು. ಬೇಡಿದ್ದರಿಂದ ಇಬ್ಬರೂ ಉಳಿದರು.

ಈಗ ಒಂದೂವರೆ ವರ್ಷವಾಯಿತು. ಇದನ್ನು ಗೆಲುವೆಂದು ಹೇಳಲಾರೆ. ದಿನವಹಿ ಲೆಕ್ಕ, ಸಂಜೆಗೆ ಸಂಜೆಗೆ ಮುಗಿಸಬೇಕು. ಇದನ್ನೆಲ್ಲ ಪತ್ರಿಕೆಗೆ ಬರೆಯಬೇಕೆನಿಸಲು ಕಾರಣ, ಹೋದ ತಿಂಗಳು ನಡೆದ ಒಂದು ಸಂಗತಿ. ನಾನು ಆಸ್ಪತ್ರೆಯಲ್ಲಿದ್ದಾಗ ನನ್ನಾಕೆ ಜ್ವರವೆಂದೇ ಹೇಳಿಕೊಂಡಿದ್ದಳು. ಬೀದಿಯೆಲ್ಲ ಒಪ್ಪಿದ ಹಾಗಿತ್ತು. ಬೆಳಗಿನ ವಾಕಿಂಗಿನಲ್ಲಿ ಸಿಕ್ಕ ಹಿರಿಯರೊಬ್ಬರು, ಬಹಳ ಮರ್ಯಾದಸ್ಥರು, ಮಳೆ, ಬೆಲೆ, ರಸ್ತೆಯ ಗುಂಡಿ ಎಲ್ಲ ಮಾತಾಡಿ ಮುಗಿಸಿ, ತಿರುವಿನಲ್ಲಿ ನಿಂತು ದನಿ ತಗ್ಗಿಸಿ ಕೇಳಿದರು:

“ನಿಮ್ಮ ಜ್ವರಕ್ಕೆ ಹೋಗಿದ್ದಿರಲ್ಲ, ಆ ಆಸ್ಪತ್ರೆ... ಅಲ್ಲಿ ಹೆಸರು ಬರೆಸೋದು ಎಷ್ಟು ಗಂಟೆಗೆ?”

ಯಾರಿಗೆಂದು ನಾನು ಕೇಳಲಿಲ್ಲ. ಬೆಳಗ್ಗೆ ಬೇಗ ಹೋಗುವುದು ಒಳ್ಳೆಯದು ಎಂದೆ. 2017ರ ಕಾಯಿದೆಯಲ್ಲಿ ಕುಡಿತದಿಂದ ಬಂದ ಮನೋವ್ಯಥೆಯನ್ನೂ ಕಾಯಿಲೆಯೆಂದೇ ಎಣಿಸಿದ್ದಾರೆ, ಚಿಕಿತ್ಸೆ ಪಡೆಯುವುದು ಎಲ್ಲರ ಹಕ್ಕು, ಇದರಲ್ಲಿ ನಾಚಿಕೆಯಿಲ್ಲ ಎಂದೆ. ಮನೆಯಿಂದಲೇ ಮೊದಲು ಮಾತನಾಡಬೇಕೆಂದರೆ 2022ರಲ್ಲಿ ಸರ್ಕಾರ ಆರಂಭಿಸಿದ ಟೆಲಿ ಮಾನಸ್ ಇದೆ, 14416ಕ್ಕೆ ಫೋನು ಮಾಡಿದರೆ ಕನ್ನಡದಲ್ಲೇ ಕೇಳುತ್ತಾರೆ ಎಂದೂ ಹೇಳಿದೆ. ಅವರು ಸಂಖ್ಯೆಯನ್ನು ಬರೆದುಕೊಳ್ಳಲು ಜೇಬು ತಡಕಿದರು. ಪೆನ್ನಿತ್ತು, ಕಾಗದವಿರಲಿಲ್ಲ. ಕೈಯ ಮೇಲೆಯೇ ಬರೆದುಕೊಂಡರು. ಆ ಕೈ ನಡುಗುತ್ತಿತ್ತು.

“ಮಂಗಳವಾರ ನಾನೂ ಹೇಗೂ ಅಲ್ಲಿಗೆ ಹೋಗುವವನೇ. ಒಂದೇ ಆಟೋದಲ್ಲಿ ಹೋಗೋಣ” ಎಂದೆ.

ಅವರು ಏನೂ ಹೇಳದೆ ಸ್ವಲ್ಪ ದೂರ ನಡೆದರು. ಆಮೇಲೆ ತಿರುಗಿ, “ಎಂಟು ಗಂಟೆಗೆ ಬರಲಾ?” ಎಂದರು.

“ಏಳೂವರೆಗೆ ಬನ್ನಿ, ಕಾಫಿ ಕುಡಿದು ಹೊರಡೋಣ” ಎಂದೆ.