ಖರಾಬು ಜಮೀನಿನ ಚಿಟ್ಟೆಗಳು

“ನಿಮ್ಮ ಬಯಲುಸೀಮೇಲಿ ಎಂಥ ಚಿಟ್ಟೆ ಮಾರಾಯ, ಬರೀ ಜಾಲಿಮುಳ್ಳು!” ಅಂತ ತೀರ್ಥಹಳ್ಳಿಯ ನಮ್ಮ ಭಾವ ಆಗಾಗ ರೇಗಿಸೋದುಂಟು. ಚಿಟ್ಟೆಗಳ ಲೆಕ್ಕ ತೆಗೆದ್ರೆ ಅವರದ್ದೇ ಮೇಲುಗೈ, ಒಪ್ಪಲೇಬೇಕು. ಪಶ್ಚಿಮಘಟ್ಟದಲ್ಲಿ 330ಕ್ಕೂ ಹೆಚ್ಚು ಬಗೆಯ ಚಿಟ್ಟೆಗಳಿವೆ. ಕನ್ನಡ ಬಾವುಟದ ಹಳದಿ-ಕೆಂಪು ಹೊತ್ತ ನಮ್ಮ ರಾಜ್ಯ ಚಿಟ್ಟೆ ಸದರ್ನ್ ಬರ್ಡ್‌ವಿಂಗ್ ಕೂಡ ಆ ಕಡೆಯದೇ. ರೆಕ್ಕೆ ಬಿಚ್ಚಿದರೆ ಒಂದು ಗೇಣಿಗೆ ಹತ್ತಿರ!

ಆದರೆ ಚಿಟ್ಟೆ ಊರು ನೋಡಿ ಬರೋದಿಲ್ಲ, ಗಿಡ ನೋಡಿ ಬರುತ್ತೆ. ಜೇನು ಯಾವ ಹೂವಲ್ಲಾದರೂ ಹೀರಬಹುದು, ಮೊಟ್ಟೆ ಇಡೋಕೆ ಮಾತ್ರ ಮರಿಹುಳು ತಿನ್ನೋ ಗಿಡವೇ ಬೇಕು. ಬರ್ಡ್‌ವಿಂಗ್‌ಗೆ ಈಶ್ವರಿ ಬಳ್ಳಿ. ಕರಾವಳಿಯ ತೆಂಗು-ಅಡಿಕೆ ತೋಟದಲ್ಲಿ ಪಾಮ್‌ಫ್ಲೈ. ಮೀನಿನ ಸಾರಿಗೆ ಹಾಕೋ ಜುಮ್ಮನಕಾಯಿ ಇದೆಯಲ್ಲ, ಆ ಮರದ ಎಲೆ ತಿಂದು ಬೆಳೆಯೋದು ಹಸಿರು-ನೀಲಿ ಹೊಳಪಿನ ಮಲಬಾರ್ ಬ್ಯಾಂಡೆಡ್ ಪೀಕಾಕ್. ನಮ್ಮ ಕಡೆ ಬೋರೆ ಗಿಡಕ್ಕೆ ಕಪ್ಪು ಚುಕ್ಕಿಯ ಬಿಳಿ ಪಿಯರೋ. ಇನ್ನು ನೆಲಕ್ಕೇ ಅಂಟಿಕೊಂಡು ಹಾರೋ ಗ್ರಾಸ್ ಜ್ಯುವೆಲ್, ಭಾರತದ ಅತಿ ಚಿಕ್ಕ ಚಿಟ್ಟೆಗಳಲ್ಲೊಂದು, ಅದಕ್ಕೆ ಹುಲ್ಲುಗಾವಲಿನ ಪುಟ್ಟ ಕಳೆಗಿಡಗಳೇ ಸಾಕು.

ಭಾವನಿಗೆ ನಾನು ಹೇಳೋ ಉತ್ತರ ಬೇರೆ ಇದೆ. ಮುಂಗಾರಿಗೆ ಸ್ವಲ್ಪ ಮುಂಚೆ ಅವರ ಚಿಟ್ಟೆಗಳೇ ನಮ್ಮ ಮನೆಗೆ ನೆಂಟರಾಗಿ ಬರ್ತವೆ! ಬ್ಲೂ ಟೈಗರ್, ಡಾರ್ಕ್ ಬ್ಲೂ ಟೈಗರ್, ಕಾಮನ್ ಕ್ರೋ ಚಿಟ್ಟೆಗಳು ಘಟ್ಟದಿಂದ ಪೂರ್ವಕ್ಕೆ ಲಕ್ಷಗಟ್ಟಲೆ ಹೊರಡ್ತವೆ. ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ 7,000 ಮಿಲಿಮೀಟರ್‌ಗೂ ಹೆಚ್ಚು ಮಳೆ. ಅಲ್ಲಿಂದ ನೇರ ಗೆರೆ ಎಳೆದ್ರೆ 200 ಕಿಲೋಮೀಟರ್ ಒಳಗೇ ಸಿಗೋ ಚಳ್ಳಕೆರೆಯಲ್ಲಿ 500ರ ಆಸುಪಾಸು. ಆ ಜಡಿಮಳೆ ತಪ್ಪಿಸಿಕೊಂಡು ಈ ಕಡೆ ಬಂದು ಸಂಸಾರ ಮಾಡ್ತವೆ. ಮಳೆಗಾಲ ಕಳೆದು, ಅಕ್ಟೋಬರ್-ನವೆಂಬರಿನಲ್ಲಿ ಘಟ್ಟಕ್ಕೆ ಮರಳೋದು ಬಂದವುಗಳಲ್ಲ, ಅವುಗಳ ಮುಂದಿನ ಪೀಳಿಗೆ.

ಅಂದ್ರೆ ಮಲೆನಾಡಿನ ಚಿಟ್ಟೆಗೆ ಬಯಲುಸೀಮೆ ಬಾಣಂತಿ ಮನೆ ಇದ್ದಂಗೆ. ಕಾಯಿ ಒಣಗಿದ ಮೇಲೆ ಅಲ್ಲಾಡಿಸಿದ್ರೆ ಗಿಲಗಿಲ ಅನ್ನುತ್ತಲ್ಲ, ಅಪ್‌ಸೆಣಬಿನ ಕುಲದ ಕಾಡುಗಿಡ, ಅದರ ಮೇಲೆ ಈ ಗಂಡು ಚಿಟ್ಟೆಗಳು ಮುತ್ತಿಕೊಳ್ಳೋದನ್ನ ನೋಡಬೇಕು. ಅದರ ರಸದಲ್ಲಿರೋ ವಿಷ ಹೀರಿದರೇನೇ ಹೆಣ್ಣನ್ನು ಸೆಳೆಯೋ ವಾಸನೆ ತಯಾರಾಗೋದು.

ಈ ಗಿಡಗಳು ಬೆಳೆಯೋ ಜಾಗಕ್ಕೆ ನಮ್ಮ ಪಹಣಿಗಳಲ್ಲಿ ‘ಖರಾಬು’ ಅಂತ ಹೆಸರು. ಕಾಡು ಕಡಿದ್ರೆ ಕೂಗು ಏಳುತ್ತೆ, ಸರಿ, ಏಳಬೇಕು. ಆದ್ರೆ ಕುರಿ ಮೇಯೋ ಬಯಲನ್ನೋ, ಅಮೃತ ಮಹಲ್ ಕಾವಲನ್ನೋ ಉತ್ತು ನೀಲಗಿರಿ ನೆಟ್ಟರೆ ‘ಹಸಿರಾಯ್ತು’ ಅಂತ ಚಪ್ಪಾಳೆ ತಟ್ತೀವಿ! ಸೋಲಾರ್ ಫಲಕ ಹಾಸೋಕೂ ಮೊದಲು ಕಣ್ಣಿಗೆ ಬೀಳೋದು ಇದೇ ನೆಲ. ಬಯಲು ಹೋದ್ರೆ ಘಟ್ಟವೂ ಅಷ್ಟಷ್ಟೇ ಬರಿದಾಗುತ್ತೆ ಅನ್ನೋದು ಯಾವ ಕಡತದಲ್ಲೂ ಬರೆಯೋದಿಲ್ಲ.

ನಮ್ಮ ಹೊಲದ ಬದುವಿನ ಗಿಲಗಿಲ ಗಿಡಗಳಿಗೆ ಈ ವರ್ಷ ಕುಡುಗೋಲು ತಾಗಿಸಿಲ್ಲ. ಮೇ ಕೊನೆಗೆ ಬನ್ನಿ ಅಂತ ಭಾವನಿಗೂ ಹೇಳಿದ್ದೀನಿ, ಅವರೂರಿನ ನೆಂಟರನ್ನ ನೋಡೋಕೆ.