ಸೊರಬದ ಸೆಕೆಯೂ ಉಷ್ಣಯೋಗದ ಮಿತಿಯೂ

ಶಿವಮೊಗ್ಗ ಜಿಲ್ಲೆಯ ವಾಯವ್ಯ ದಿಕ್ಕಿನಲ್ಲಿ, ಮಲೆನಾಡು ಮುಗಿದು ಬಯಲುಸೀಮೆಯು ಮೊದಲಾಗುವ ಎಡೆಯಲ್ಲಿ ಸೊರಬ ತಾಲ್ಲೂಕು ಇರುವುದು. ಪಶ್ಚಿಮಕ್ಕೆ ಹೋದಷ್ಟೂ ಕಾಡು ಮತ್ತು ಅಡಕೆಯ ತೋಟಗಳು; ಪೂರ್ವಕ್ಕೆ ಆನವಟ್ಟಿಯ ಕಡೆ ತಿರುಗಿದರೆ ಬಯಲಾದ ಹೊಲಗದ್ದೆಗಳು. ಊರಿನ ಮಗ್ಗುಲಲ್ಲಿ ದಂಡಾವತಿಯು ಹರಿದುಹೋಗಿ ವರದಾ ನದಿಯನ್ನು ಸೇರುತ್ತದೆ. ಅದರ ದಡದಲ್ಲಿ ಶ್ರೀ ರಂಗನಾಥಸ್ವಾಮಿಯ ದೇವಸ್ಥಾನವಿದೆ. ಈ ಊರಿಗೆ ಹಿಂದೆ ಸುರಭಿಪುರವೆಂಬ ಹೆಸರಿತ್ತೆಂದು ಸ್ಥಳಪುರಾಣವು ಹೇಳುವುದು.

ಸೊರಬದ ಮಳೆಗಾಲವನ್ನು ಹೊಗಳುವವರು ಬಹಳ ಮಂದಿ. ಬೇಸಗೆಯ ಮಾತನ್ನು ಆಡುವವರು ಕಡಮೆ. ಮೇ ತಿಂಗಳಲ್ಲಿ ಮಧ್ಯಾಹ್ನದ ಉಷ್ಣವು ೩೫ ಡಿಗ್ರಿ ಸೆಂಟಿಗ್ರೇಡನ್ನು ಮುಟ್ಟುವ ದಿನಗಳುಂಟು. ಮಳೆಯು ಹತ್ತಿರವಾದಂತೆಲ್ಲ ಗಾಳಿಯಲ್ಲಿ ನೀರಿನ ಅಂಶವು ಹೆಚ್ಚಿ, ಸುಮ್ಮನೆ ಕುಳಿತವರ ಹಣೆಯೂ ಬೆವರುತ್ತದೆ. ಮಲೆನಾಡಿನವರು ಸೆಕೆಯೆಂದು ಕರೆಯುವುದು ಇದನ್ನೇ.

ಕಳೆದ ಬೇಸಗೆಯ ರಜೆಯಲ್ಲಿ ನಾವು ಬಂಧುಗಳ ಮನೆಗೆಂದು ಈ ಊರಿಗೆ ಹೋಗಿದ್ದೆವು. ಬೆಂಗಳೂರಿನಲ್ಲಿ ಉದ್ಯೋಗದಲ್ಲಿರುವ ನಮ್ಮ ತಮ್ಮನ ಮಗಳೂ ಸಂಗಡ ಬಂದಿದ್ದಳು. ದಿನವೆಲ್ಲ ಕುರ್ಚಿಯಲ್ಲಿ ಕುಳಿತು ಬೆನ್ನುನೋವು ಹತ್ತಿಸಿಕೊಂಡಿದ್ದ ಆಕೆಯು ಪಟ್ಟಣದ ಒಂದು ಯೋಗಶಾಲೆಯಲ್ಲಿ ಉಷ್ಣಯೋಗವನ್ನು ಕಲಿಯಲು ಸೇರಿದ್ದಳು. ಮೊದಲ ದಿನಗಳಲ್ಲಿ ಬೆನ್ನು ಹಗುರಾಯಿತು, ನಿದ್ರೆಯು ಚೆನ್ನಾಗಿ ಬಂದಿತು. ಆ ಉತ್ಸಾಹದಲ್ಲಿ ಒಂದು ದಿನವನ್ನೂ ಬಿಡದೆ ಆರು ವಾರ ನಡೆಸಿದಳು. ಏಳನೆಯ ವಾರದಲ್ಲಿ ಶಾಲೆಯಲ್ಲಿಯೇ ತಲೆಸುತ್ತಿ ಬಿದ್ದಳು. ಅಂದಿನಿಂದ ಅಭ್ಯಾಸವು ಪೂರ್ತಿಯಾಗಿ ನಿಂತಿತು. ಬೆನ್ನುನೋವು ಮರಳಿ ಬಂದಿತು. "ದೊಡ್ಡಪ್ಪ, ಬಿಟ್ಟರೆ ನೋವು, ಮಾಡಿದರೆ ಭಯ. ವಾರಕ್ಕೆ ಎಷ್ಟು ದಿನ ಮಾಡಿದರೆ ಇದು ಬಾಳಿಕೆ ಬಂದೀತು?" ಎಂದು ಆಕೆಯು ಕೇಳಿದ ಪ್ರಶ್ನೆಯು ನಮ್ಮ ತಿರುಗಾಟದ ಉದ್ದಕ್ಕೂ ಜೊತೆಯಲ್ಲಿದ್ದಿತು.

ಉಷ್ಣಯೋಗವೆಂದರೇನೆಂದು ತಿಳಿಯದ ವಾಚಕರಿಗಾಗಿ ಎರಡು ಮಾತು. ಕಲ್ಕತ್ತೆಯ ಬಿಕ್ರಮ್ ಚೌಧುರಿ ಎಂಬುವರು ೧೯೭೦ರ ದಶಕದಲ್ಲಿ ಅಮೆರಿಕದಲ್ಲಿ ಹರಡಿದ ಪದ್ಧತಿಯಿದು. ಮುಚ್ಚಿದ ಕೋಣೆಯನ್ನು ಸುಮಾರು ೪೦ ಡಿಗ್ರಿಗೆ ಕಾಯಿಸಿ, ಗಾಳಿಯಲ್ಲಿ ನೂರಕ್ಕೆ ೪೦ರಷ್ಟು ತೇವವನ್ನಿರಿಸಿ, ೨೬ ಅಭ್ಯಾಸಗಳನ್ನು ೯೦ ನಿಮಿಷಗಳಲ್ಲಿ ಮಾಡಿಸುವರು. ಈಗ ಬೇರೆ ಬೇರೆ ಆಸನಕ್ರಮಗಳನ್ನೂ ಕಾದ ಕೋಣೆಯಲ್ಲಿ ಕಲಿಸುವುದುಂಟು. ನಮ್ಮ ಮೈಸೂರಿನ ಪರಂಪರೆಯಾದರೋ ಬೇರೆಯದು. ನಾಲ್ವಡಿ ಕೃಷ್ಣರಾಜ ಒಡೆಯರ ಆಶ್ರಯದಲ್ಲಿ ಶ್ರೀ ತಿರುಮಲೈ ಕೃಷ್ಣಮಾಚಾರ್ಯರು ೧೯೩೩ರಲ್ಲಿ ಜಗನ್ಮೋಹನ ಅರಮನೆಯಲ್ಲಿ ಯೋಗಶಾಲೆಯನ್ನು ನಡೆಸತೊಡಗಿದರು. ಮರುವರ್ಷ ಕನ್ನಡದಲ್ಲಿಯೇ 'ಯೋಗಮಕರಂದ'ವೆಂಬ ಗ್ರಂಥವನ್ನು ಪ್ರಕಟಿಸಿದರು. ಅವರ ಶಿಷ್ಯರಾದ ಪಟ್ಟಾಭಿ ಜೋಯಿಸರ ಕ್ರಮದಲ್ಲಿ ಬೆವರು ಬರುವುದು ಉಸಿರಿನಿಂದಲೂ ಚಲನೆಯಿಂದಲೂ ಹೊರತು ಒಲೆಯಿಂದಲ್ಲ. ಅಂತಹ ಕಠಿಣ ಕ್ರಮದಲ್ಲಿಯೂ ವಾರಕ್ಕೊಂದು ದಿನ ಬಿಡುವು. ಹುಣ್ಣಿಮೆ ಅಮಾವಾಸ್ಯೆಗಳಂದು ಬಿಡುವು. ಬಿಡುವೂ ಅಭ್ಯಾಸದ ಒಂದು ಅಂಗವೆಂದು ಆ ಹಿರಿಯರು ಎಣಿಸಿದ್ದರು.

ಸೊರಬದ ಗುಡಿಗಾರರು ಶ್ರೀಗಂಧದ ಕೆತ್ತನೆಗೆ ಹೆಸರಾದವರು. ಒಬ್ಬ ಹಿರಿಯರ ಜಗಲಿಯಲ್ಲಿ ನಾವು ಅರ್ಧ ಗಂಟೆ ಕುಳಿತು ನೋಡಿದೆವು. ಉಳಿಯು ಅಕ್ಕಿಯ ಸಿಪ್ಪೆಯಷ್ಟು ತೆಳ್ಳನೆಯ ಚೂರನ್ನು ತೆಗೆಯುವುದು. ಅವರು ನಿಲ್ಲಿಸಿ, ಉಳಿಯನ್ನು ಮಸೆದು, ಮತ್ತೆ ಮುಂದುವರಿಸುವರು. "ಅವಸರ ಮಾಡಿದರೆ ಕೊರಡು ಸೀಳ್ತದೆ, ತಂಗೀ" ಎಂದು ಅವರು ನಮ್ಮ ಹುಡುಗಿಗೆ ಹೇಳಿದರು. ಆಕೆಯು ನಮ್ಮ ಮುಖವನ್ನು ನೋಡಿ ನಕ್ಕಳು.

ಮರುದಿನ ಬಸ್ಸಿನಲ್ಲಿ ಶಿರಾಳಕೊಪ್ಪಕ್ಕೆ ಹೋಗಿ, ಅಲ್ಲಿಂದ ಒಂದೂಕಾಲು ಮೈಲಿಯಷ್ಟು ದೂರದ ಬಳ್ಳಿಗಾವಿಯನ್ನು ಸೇರಿದೆವು. ಇದು ಶಿಕಾರಿಪುರ ತಾಲ್ಲೂಕಿಗೆ ಸೇರಿದ ಊರು; ಅಲ್ಲಮಪ್ರಭುವಿನ ನೆನಪಿನಿಂದ ಪುನೀತವಾದುದು. ೧೦೪೭ರ ಗಂಡಭೇರುಂಡ ಸ್ತಂಭವನ್ನೂ ತ್ರಿಪುರಾಂತಕೇಶ್ವರನನ್ನೂ ನೋಡಿ, ಮೂರು ಗರ್ಭಗುಡಿಗಳುಳ್ಳ ಕೇದಾರೇಶ್ವರ ದೇವಾಲಯಕ್ಕೆ ಬಂದೆವು. ಕಾಳಾಮುಖ ಶೈವರ ಕೋಡಿಯ ಮಠವು ಇದ್ದುದು ಇಲ್ಲಿಯೇ.

ಆ ಮಠದ ೧೧೬೨ರ ಶಾಸನವನ್ನು ಬಿ. ಎಲ್. ರೈಸ್ ಅವರು ೧೯೦೨ರಲ್ಲಿ ಅಚ್ಚುಹಾಕಿಸಿರುವರು. ಮಠದಲ್ಲಿ ನಾಲ್ಕು ವೇದಗಳು, ವ್ಯಾಕರಣಗಳು, ದರ್ಶನಗಳು ಇವುಗಳ ಸಂಗಡ ಪತಂಜಲಿಯ ಯೋಗಶಾಸ್ತ್ರವನ್ನೂ ಬೋಧಿಸುತ್ತಿದ್ದರೆಂದು ಅದು ಹೇಳುತ್ತದೆ. ಅದೇ ಶಾಸನವು ಅಲ್ಲಿ ದೀನರಿಗೂ ಕುರುಡರಿಗೂ ಕುಂಟರಿಗೂ ಅನ್ನವು ದೊರೆಯುತ್ತಿತ್ತೆಂದೂ ರೋಗಿಗಳಿಗೆ ಔಷಧೋಪಚಾರವು ನಡೆಯುತ್ತಿತ್ತೆಂದೂ ಹೇಳುತ್ತದೆ. ಎಂಟುನೂರೈವತ್ತು ವರ್ಷಗಳಿಗೂ ಹಿಂದೆ ಈ ಸೀಮೆಯಲ್ಲಿ ಯೋಗ, ಅನ್ನ, ಔಷಧ ಮೂರೂ ಒಂದೇ ಸೂರಿನಡಿಯಲ್ಲಿದ್ದವು. ಊಟವನ್ನೂ ದೇಹಸ್ಥಿತಿಯನ್ನೂ ಮರೆತು ಆಸನವೊಂದನ್ನೇ ಹಿಡಿದವರಿಗೆ ಈ ಕಲ್ಲು ಹೇಳುವ ಬುದ್ಧಿವಾದವು ಸಣ್ಣದಲ್ಲ.

ದೇವಾಲಯದ ನೆರಳಿನಲ್ಲಿ ಕುಳಿತು ಬುತ್ತಿಯನ್ನು ಬಿಚ್ಚಿದಾಗ ನಾವು ವಾಗ್ಭಟನ 'ಅಷ್ಟಾಂಗಹೃದಯ'ದ ಮಾತನ್ನು ಎತ್ತಿದೆವು. ಬಲವುಳ್ಳವನೂ ವ್ಯಾಯಾಮವನ್ನು ತನ್ನ ಶಕ್ತಿಯ ಅರ್ಧದಷ್ಟು ಮಾತ್ರ ಮಾಡತಕ್ಕದ್ದು. ಅದೂ ಚಳಿಗಾಲದಲ್ಲಿ ಮತ್ತು ವಸಂತದಲ್ಲಿ. ಉಳಿದ ಋತುಗಳಲ್ಲಿ ಇನ್ನೂ ಕಡಮೆ ಎಂಬುದು ಆತನ ವಿಧಿ. ಅರ್ಧವೆಂದು ತಿಳಿಯುವುದು ಹೇಗೆ? ಉಸಿರು ಬಾಯಿಂದ ಬರತೊಡಗಿದರೆ ಅರ್ಧಬಲವು ಮುಗಿಯಿತೆಂದು ಸುಶ್ರುತಸಂಹಿತೆಯು ಲಕ್ಷಣವನ್ನು ಕೊಟ್ಟಿದೆ. ಇದಕ್ಕಿಂತ ಸುಲಭವಾದ ಅಳತೆಯು ಗೃಹಸ್ಥರಿಗೆ ಬೇಕಿಲ್ಲ.

ಆಧುನಿಕ ವೈದ್ಯಶಾಸ್ತ್ರವೂ ಇದಕ್ಕೆ ವಿರುದ್ಧವಾಗಿಲ್ಲ. ಬೆವರು ಆರಿದರೆ ಮೈ ತಂಪಾಗುವುದು. ತೇವದ ಗಾಳಿಯಲ್ಲಿ ಬೆವರು ಆರದೆ ಸುಮ್ಮನೆ ಇಳಿದುಹೋಗುವುದರಿಂದ ಒಳಗಿನ ಕಾವು ಏರುತ್ತದೆ. ದೇಹವು ಸೆಕೆಗೆ ಒಗ್ಗಿಕೊಳ್ಳಲು ಹತ್ತರಿಂದ ಹದಿನಾಲ್ಕು ದಿನಗಳು ಬೇಕು. ಅಲ್ಲದೆ ಕಾದ ಸ್ನಾಯುಗಳು ಬೇಗನೆ ಸಡಿಲಾಗುವುದರಿಂದ, ತನ್ನ ಮಿತಿಯನ್ನು ಮೀರಿ ಬಾಗಿ ಕೀಲುಗಳನ್ನು ನೋಯಿಸಿಕೊಳ್ಳುವ ಅಪಾಯವೂ ಉಂಟು. ಅಮೆರಿಕದಲ್ಲಿ ೨೦೧೮ರಲ್ಲಿ ಪ್ರಕಟವಾದ ಒಂದು ಪರೀಕ್ಷೆಯಲ್ಲಿ ಕೆಲವರು ಕಾದ ಕೋಣೆಯಲ್ಲಿಯೂ ಕೆಲವರು ತಂಪಾದ ಕೋಣೆಯಲ್ಲಿಯೂ ವಾರಕ್ಕೆ ಮೂರು ಸಲದಂತೆ ೧೨ ವಾರ ಅವೇ ಆಸನಗಳನ್ನು ಮಾಡಿದರು. ರಕ್ತನಾಳಗಳ ಆರೋಗ್ಯವು ಎರಡು ಗುಂಪುಗಳಲ್ಲಿಯೂ ಸುಧಾರಿಸಿತು. ಗುಣವು ಹೆಚ್ಚಾಗಿ ಆಸನದ್ದು, ಕಾವಿನದಲ್ಲವೆಂದು ಇದರಿಂದ ತೋರುವುದು.

ಇಷ್ಟನ್ನು ವಿಚಾರಮಾಡಿ ನಾವು ಆಕೆಗೆ ಒಂದು ಕ್ರಮವನ್ನು ಬರೆದುಕೊಟ್ಟೆವು. ಮೊದಲ ಎರಡು ವಾರ ಕಾದ ಕೋಣೆಗೆ ವಾರಕ್ಕೆ ಎರಡೇ ದಿನ, ಅದೂ ಅರ್ಧ ಗಂಟೆ. ಆಮೇಲೆ ಹೊತ್ತನ್ನು ಸ್ವಲ್ಪ ಸ್ವಲ್ಪವಾಗಿ ಹೆಚ್ಚಿಸುವುದು. ತಿಂಗಳು ಕಳೆದ ಬಳಿಕ ಮೈ ಒಪ್ಪಿದರೆ ಸೋಮವಾರ, ಬುಧವಾರ, ಶುಕ್ರವಾರ ಹೀಗೆ ನಡುವೆ ಒಂದೊಂದು ದಿನ ಬಿಟ್ಟು ಮೂರು ದಿನ. ಗೃಹಸ್ಥರಿಗೆ ಅದಕ್ಕಿಂತ ಹೆಚ್ಚು ಬೇಕಿಲ್ಲ. ನಡುವಿನ ದಿನಗಳಲ್ಲಿ ಮನೆಯಲ್ಲಿಯೇ ಕಾವಿಲ್ಲದೆ ಹತ್ತಿಪ್ಪತ್ತು ನಿಮಿಷ ಸುಲಭವಾದ ಆಸನಗಳು ಅಥವಾ ನಡಿಗೆ. ಭಾನುವಾರ ಪೂರ್ಣ ವಿಶ್ರಾಂತಿ. ಜ್ವರ, ಭೇದಿ, ನಿದ್ರೆಗೆಟ್ಟ ರಾತ್ರಿ, ಉಪವಾಸ ಇವುಗಳಿದ್ದ ದಿನ ಕಾದ ಕೋಣೆಯ ಹೊಸ್ತಿಲನ್ನು ದಾಟಕೂಡದು. ಕಡುಬೇಸಗೆಯಲ್ಲಿ ವಾರಕ್ಕೊಂದು ದಿನ ಸಾಕು. ಒಂದು ವಾರ ತಪ್ಪಿದರೆ, ತಪ್ಪಿದುದನ್ನೆಲ್ಲ ಮುಂದಿನ ವಾರದಲ್ಲಿ ತುಂಬಿಸುವ ಹಟವೂ ಬೇಡ.

ಊಟವಾಗಿ ಎರಡು ಮೂರು ಗಂಟೆ ಕಳೆದಿರಬೇಕು. ಅಭ್ಯಾಸದ ಮೊದಲೂ ಆಮೇಲೂ ತೂಗಿ ನೋಡಿದರೆ, ಇಳಿದ ಒಂದೊಂದು ಕಿಲೋಗ್ರಾಮೂ ಸುಮಾರು ಒಂದು ಲೀಟರು ನೀರಿನ ನಷ್ಟವೆಂದು ತಿಳಿಯತಕ್ಕದ್ದು. ಅದನ್ನು ಕಂಡು ಮೈ ಕರಗಿತೆಂದು ಹಿಗ್ಗಬಾರದು. ಆ ನಷ್ಟಕ್ಕೆ ಉಪ್ಪು ಬೆರೆಸಿದ ನೀರುಮಜ್ಜಿಗೆ, ಗಂಜಿಯ ತಿಳಿ, ಮುರುಗಲಹಣ್ಣಿನ ಪಾನಕ ಇವುಗಳಿಗೆ ಸಮನಾದುದಿಲ್ಲ. ತಲೆನೋವು, ಓಕರಿಕೆ, ಕಣ್ಣುಕತ್ತಲೆ ಕಂಡ ಕೂಡಲೇ, ಗುರುವು ಏನೇ ಹೇಳಲಿ, ಹೊರಗೆ ಬಂದು ಗಾಳಿಯಲ್ಲಿ ಕುಳಿತುಕೊಳ್ಳಬೇಕು. ಗರ್ಭಿಣಿಯರಿಗೂ ಹೃದ್ರೋಗವುಳ್ಳವರಿಗೂ ಈ ಅಭ್ಯಾಸವು ತಕ್ಕುದಲ್ಲ. ರಕ್ತದ ಒತ್ತಡವುಳ್ಳವರು ವೈದ್ಯರನ್ನು ಕೇಳದೆ ತೊಡಗಬಾರದು.

ಮಲೆನಾಡಿನ ಮನೆಗಳಿಗೆ ಕಾವು ಹೊಸದಲ್ಲ. ಬಚ್ಚಲಿನಲ್ಲಿ ಹಂಡೆಯ ನೀರು ಕುದಿಯುತ್ತಿರಲು, ವಾರಕ್ಕೊಮ್ಮೆ ಮೈಗೆ ಎಣ್ಣೆಯನ್ನು ತಿಕ್ಕಿ ಅಭ್ಯಂಜನ ಮಾಡುವುದು ನಮ್ಮ ಹಿರಿಯರ ಪದ್ಧತಿ. ಅದು ವಾರಕ್ಕೊಮ್ಮೆಯೇ ಎಂಬುದನ್ನೂ, ಆ ದಿನ ಆಯಾಸದ ಕೆಲಸವನ್ನು ಮಾಡಿಸುತ್ತಿರಲಿಲ್ಲವೆಂಬುದನ್ನೂ ಗಮನಿಸಬೇಕು. ಆದರೆ ಬಚ್ಚಲ ಒಲೆಯನ್ನು ಉರಿಸಿ, ಅಥವಾ ಕೆಂಡದ ಅಗ್ಗಿಷ್ಟಿಕೆಯನ್ನಿಟ್ಟು, ಕದವನ್ನು ಮುಚ್ಚಿ ಯಾರೂ ಆಸನಗಳನ್ನು ಮಾಡಬಾರದು. ಕೆಂಡದ ವಿಷಾನಿಲಕ್ಕೆ ವಾಸನೆಯಿಲ್ಲ. ಮುಚ್ಚಿದ ಕೋಣೆಯಲ್ಲಿ ಅದು ಪ್ರಾಣವನ್ನೇ ತೆಗೆಯಬಲ್ಲುದು.

ಹಿಂದಿರುಗುವ ಮೊದಲು ಚಂದ್ರಗುತ್ತಿಗೆ ಹೋದೆವು. ಬೆಟ್ಟದ ಗುಹೆಯಲ್ಲಿ ರೇಣುಕಾಂಬೆಯ ಸನ್ನಿಧಿ. ಮೇಲೆ ಹಳೆಯ ಕೋಟೆ. ಬಿಸಿಲೇರುವ ಮೊದಲೇ ಹೊರಟು, ಮಾತನಾಡುತ್ತ ಹತ್ತಲು ಸಾಧ್ಯವಾಗುವಷ್ಟೇ ವೇಗದಲ್ಲಿ ಹೆಜ್ಜೆಯಿಟ್ಟೆವು. ಮಾತು ತಡವರಿಸಿದಲ್ಲೆಲ್ಲ ನಿಂತೆವು. ಮುಂದಾಗಿ ಓಡಿದ ಕೆಲವು ತರುಣರು ಅರ್ಧದಾರಿಯಲ್ಲಿ ಬಂಡೆಗೆ ಒರಗಿ ಕುಳಿತಿದ್ದರು. ನಾವು ಅವರನ್ನು ದಾಟಿ ಕೋಟೆಯನ್ನು ಸೇರಿದೆವು. ಮೇಲೆ ಗಾಳಿಯು ತಂಪಾಗಿತ್ತು. ಸುತ್ತಲೂ ಕಾಡಿನ ಹಸುರು ಹರಡಿತ್ತು.

ಸೊರಬಕ್ಕೆ ಹೋಗುವವರು ರಂಗನಾಥನ ದರ್ಶನದೊಡನೆ ಬಳ್ಳಿಗಾವಿಯನ್ನೂ ತಪ್ಪದೆ ನೋಡಿಕೊಂಡು ಬರಬೇಕು. ಮಳೆ ನಿಂತು ಚಳಿಯು ಮೊದಲಾಗುವ ಕಾಲವು ಪ್ರವಾಸಕ್ಕೆ ಪ್ರಶಸ್ತವಾದುದು. ವ್ಯಾಯಾಮಕ್ಕೂ ಅದೇ ಪ್ರಶಸ್ತ ಕಾಲ. ನಾಲ್ಕು ತಿಂಗಳು ದಿನವೂ ಬೆವರು ಸುರಿಸಿ ಐದನೆಯ ತಿಂಗಳು ಚಾಪೆಯನ್ನು ಅಟ್ಟಕ್ಕೇರಿಸುವವರಿಗಿಂತ, ವಾರಕ್ಕೆ ಮೂರು ದಿನ ಅರ್ಧಶಕ್ತಿಯಿಂದ ಮಾಡಿ ಮೂವತ್ತು ವರ್ಷ ನಡೆಸುವವರೇ ಮನೆಗೂ ದೇಹಕ್ಕೂ ಹಿತವನ್ನು ಪಡೆಯುವರು.