ಕಮೋಡಿನ ಬುಡದ ನೀರು

ದೇವಾಲಯದ ಪತ್ರಿಕೆಯಲ್ಲಿ ಕಕ್ಕಸಿನ ವಿಷಯವೇ ಎಂದು ಯಾರೂ ಮೂಗು ಮುರಿಯಬೇಡಿ. ಕಳೆದ ಮಳೆಗಾಲದಲ್ಲಿ ನಮ್ಮ ಗುರುಮನೆಯಲ್ಲಿ ನಡೆದದ್ದನ್ನು ನಿಮ್ಮೊಡನೆ ಹೇಳಿಕೊಳ್ಳದೆ ನನಗೆ ಸಮಾಧಾನವಿಲ್ಲ.

ನಮ್ಮೊಂದಿಗೆ ನಿವೃತ್ತರಾದ ಹಿರಿಯ ಗುರುಗಳೊಬ್ಬರಿದ್ದಾರೆ. ವಯಸ್ಸು ಎಂಬತ್ತು ದಾಟಿದೆ. ಜೂನ್ ತಿಂಗಳಿನಿಂದ ಅವರ ಬಚ್ಚಲಿನ ನೆಲ ಯಾವಾಗಲೂ ಒದ್ದೆ, ಜತೆಗೆ ಒಂದು ಬಗೆಯ ವಾಸನೆ. ಅಡುಗೆಯ ಬಾಯಿ ಎರಡು ಸಲ ನನ್ನಲ್ಲಿ ಮೆಲ್ಲಗೆ ಹೇಳಿದರು. ವಯಸ್ಸಾಯಿತಲ್ಲ, ಹಿಡಿತ ತಪ್ಪುತ್ತಿದೆ ಎಂದು ನಾನು ತೀರ್ಮಾನಿಸಿಬಿಟ್ಟೆ. ಅವರಲ್ಲಿ ಒಂದು ಮಾತು ಕೇಳಲಿಲ್ಲ. ಮೆಡಿಕಲ್ ಅಂಗಡಿಯಿಂದ ದೊಡ್ಡವರ ಡಯಾಪರಿನ ಒಂದು ಕಟ್ಟು ತಂದು, ಅವರು ಬಲಿಪೂಜೆಗೆ ಹೋಗಿದ್ದಾಗ ಕಪಾಟಿನಲ್ಲಿಟ್ಟು ಬಂದೆ. ಅದನ್ನೇ ಸೂಕ್ಷ್ಮತೆ ಎಂದುಕೊಂಡಿದ್ದೆ.

ಅಂದಿನಿಂದ ಅವರು ಸಂಜೆ ನಾಲ್ಕರ ಮೇಲೆ ನೀರು ಕುಡಿಯುವುದನ್ನೇ ಬಿಟ್ಟರು. ಕಾಫಿಯೂ ಬೇಡ. ಒಂದು ರಾತ್ರಿ ಬೆಳಕು ಕಂಡು ಇಣುಕಿದರೆ, ಮೊಣಕಾಲೂರಿ ಹಳೆಯ ಪಂಚೆಯಿಂದ ನೆಲ ಒರಸುತ್ತಿದ್ದರು. ನನ್ನನ್ನು ಕಂಡು, "ಕ್ಷಮಿಸು ಮಾರಾಯ, ನನಗೆ ಗೊತ್ತೇ ಆಗುವುದಿಲ್ಲ" ಎಂದರು.

ಆ ವಾರ ನಮ್ಮ ವಾಳೆಯ ಯುವಕನೊಬ್ಬ ಪಂಪು ನೋಡಲು ಬಂದಿದ್ದ. ಕತಾರಿನಲ್ಲಿ ಹನ್ನೆರಡು ವರ್ಷ ಪ್ಲಂಬರ್ ಕೆಲಸ ಮಾಡಿದವನು. ಕೈ ತೊಳೆಯಲು ಆ ಬಚ್ಚಲಿಗೆ ಹೋದವನು ಕಮೋಡನ್ನು ಎರಡು ಕೈಯಿಂದ ಹಿಡಿದು ಅಲುಗಿಸಿ, "ಫಾದರ್, ಇದು ಕುಣಿಯುತ್ತದಲ್ಲ!" ಎಂದ. ನೆಲ ಒರಸಿ, ನೀರು ಬರುವ ಪೈಪಿಗೂ ಟ್ಯಾಂಕಿನ ಬೋಲ್ಟಿಗೂ ಒಣ ಕಾಗದ ಹಿಡಿದು ನೋಡಿದ. ಎಲ್ಲಿಯೂ ಪಸೆಯಿಲ್ಲ. ಯಾವಾಗಲೂ ಜಿನುಗಿದರೆ ಪೈಪಿನ ದೋಷ, ಫ್ಲಶ್ ಮಾಡಿದಾಗ ಮಾತ್ರ ಬಂದರೆ ಬುಡದ ಜೋಡಣೆಯದ್ದು ಎಂದು ವಿವರಿಸಿದ. ಬಟ್ಟೆಗೆ ಹಾಕುವ ನೀಲಿಯನ್ನು ಕಮೋಡಿನೊಳಗೆ ಸುರಿದು ಎರಡು ಸಲ ಫ್ಲಶ್ ಮಾಡಿದ. ಹಿಂಬದಿಯಿಂದ ನೀಲಿಯ ಒಂದು ಗೆರೆ ಹರಿದು ಬಂದು ಟೈಲ್ಸಿನ ಸಂದಿಯಲ್ಲಿ ನಿಂತಿತು.

ನಾನು ಹಿರಿಯ ಗುರುಗಳನ್ನು ಕೈಹಿಡಿದು ಕರೆತಂದು ತೋರಿಸಿದೆ. ಕೋಲೂರಿ ಬಹಳ ಹೊತ್ತು ನೋಡಿದರು. "ಹಾಗಾದರೆ ನಾನಲ್ಲ" ಎಂದಷ್ಟೇ ಹೇಳಿದರು.

ತಪ್ಪು ಯಾರದ್ದೆಂದರೆ ನನ್ನದೇ. ಎರಡು ವರ್ಷದ ಹಿಂದೆ ಖರ್ಚು ಉಳಿಸಲೆಂದು ಹಳೆಯ ನೆಲದ ಮೇಲೆಯೇ ಹೊಸ ಟೈಲ್ಸ್ ಹಾಕಿಸಿದ್ದೆ. ನೆಲ ಎತ್ತರವಾಯಿತು, ಪೈಪಿನ ಬಾಯಿ ಕೆಳಗೇ ಉಳಿಯಿತು. ನಡುವಿನ ಸಂದಿಗೆ ಬಿಳಿ ಸಿಮೆಂಟು ಮೆತ್ತಿದ್ದರು. ಸಿಮೆಂಟು ಬಗ್ಗುವ ವಸ್ತುವಲ್ಲ. ಕಮೋಡು ಕೂದಲೆಳೆಯಷ್ಟು ಅಲುಗಿದರೂ ಬಿರಿಯುತ್ತದೆ.

ಮರುದಿನ ಅವನು ಮಂಗಳೂರಿನಿಂದ ಮೇಣದ ಉಂಗುರವೊಂದನ್ನು ತಂದ. ನಮ್ಮ ಕಡೆ ಇದರ ಬಳಕೆ ಕಡಿಮೆ, ಸಿಮೆಂಟು ಇಲ್ಲವೇ ರಬ್ಬರ್ ಕನೆಕ್ಟರೇ ಹೆಚ್ಚು. "ಮೇಣವೇ ಆಗುವುದಾದರೆ ಸಾಕ್ರಿಸ್ತಿಯಲ್ಲಿ ಬತ್ತಿಯ ತುಂಡುಗಳು ಬೇಕಾದಷ್ಟಿವೆಯಲ್ಲ?" ಎಂದೆ. ನಕ್ಕುಬಿಟ್ಟ. "ಅದು ಗಟ್ಟಿ ಫಾದರ್, ಒಡೆಯುತ್ತದೆ. ಇದು ಅಂಟುಮೇಣ, ಒತ್ತಿದಲ್ಲಿ ಹರಡಿ ಕೂರುತ್ತದೆ."

ನೀರು ನಿಲ್ಲಿಸಿ, ಒಳಗೆ ಉಳಿದದ್ದನ್ನು ಸ್ಪಂಜಿನಲ್ಲಿ ಹೀರಿ ತೆಗೆದು, ಬೋಲ್ಟು ಬಿಚ್ಚಿ ಇಬ್ಬರೂ ಸೇರಿ ಕಮೋಡನ್ನು ನೇರವಾಗಿ ಎತ್ತಿ ಗೋಣಿಯ ಮೇಲಿಟ್ಟೆವು. ಗುರುಮಠದಲ್ಲಿ ಇದನ್ನು ಯಾರೂ ಕಲಿಸಿರಲಿಲ್ಲ! ದುರ್ಗಂಧ ಬಾರದಂತೆ ಪೈಪಿನ ಬಾಯಿಗೆ ಬಟ್ಟೆ ತುರುಕಿ, ಹಳೆಯ ಸಿಮೆಂಟನ್ನೆಲ್ಲ ಕೆರೆದೆವು. ಪೈಪಿನ ಬಾಯಿಯನ್ನು ಟೈಲ್ಸಿನ ಮಟ್ಟಕ್ಕೆ ಏರಿಸಿ ಫ್ಲ್ಯಾಂಜ್ ಕೂರಿಸಿದ. ಇದನ್ನು ಮಾಡದಿದ್ದರೆ ಉಂಗುರ ಸರಿಯಾಗಿ ಕೂರದೆ ಮತ್ತೆ ಸೋರಬಹುದಂತೆ. ಬಟ್ಟೆ ತೆಗೆದು, ಉಂಗುರವಿಟ್ಟು, ಕಮೋಡನ್ನು ಒಂದೇ ಸಲಕ್ಕೆ ನೇರವಾಗಿ ಇಳಿಸಿ ಮೈಭಾರ ಹಾಕಿ ಒತ್ತಬೇಕು. ಸರಿಯಾಗಲಿಲ್ಲವೆಂದು ಮತ್ತೆ ಎತ್ತಿದರೆ ಆ ಉಂಗುರ ಮುಗಿಯಿತು, ಹೊಸದೇ ಬೇಕು. ಬೋಲ್ಟುಗಳನ್ನು ಆಚೆಗೊಮ್ಮೆ ಈಚೆಗೊಮ್ಮೆ ಸ್ವಲ್ಪಸ್ವಲ್ಪವೇ ಬಿಗಿಯಬೇಕು. ಅವಸರಪಟ್ಟರೆ ಪಿಂಗಾಣಿ ಬಿರುಕು ಬಿಡುತ್ತದೆ. ಕೊನೆಗೆ ಸುತ್ತ ಸಿಲಿಕಾನ್ ಹಚ್ಚಿದ, ಹಿಂಬದಿಯಲ್ಲಿ ಮಾತ್ರ ಎರಡು ಬೆರಳಿನಷ್ಟು ಬಿಟ್ಟ. ಯಾಕೆಂದು ಕೇಳಿದೆ. "ಮುಂದೆ ಸೋರಿದರೆ ಕಾಣಬೇಕಲ್ಲ ಫಾದರ್. ಪೂರ್ತಿ ಮುಚ್ಚಿದರೆ ಒಳಗೇ ನಿಂತು ಕೊಳೆಯುತ್ತದೆ."

ನಿಮ್ಮ ಮನೆಯಲ್ಲಿ ವಯಸ್ಸಾದ ತಂದೆತಾಯಿಯರಿದ್ದು ಬಚ್ಚಲು ಒದ್ದೆಯಾಗುತ್ತಿದ್ದರೆ, ದಯವಿಟ್ಟು ಮೊದಲು ಕಮೋಡನ್ನು ಅಲುಗಿಸಿ ನೋಡಿ. ಒಂದಿಷ್ಟು ನೀಲಿ ಸಾಕು.

ಎರಡು ದಿನ ನೆಲದಲ್ಲಿ ಹಳೆಯ ಪತ್ರಿಕೆ ಹಾಸಿ ನೋಡಿದೆವು, ಒಣಗಿಯೇ ಇತ್ತು. ಮೂರನೆಯ ದಿನ ಸಂಜೆ ಐದಕ್ಕೆ ಹಿರಿಯ ಗುರುಗಳು ಅಡುಗೆಮನೆಗೆ ಬಂದು ಕಾಫಿ ಕೇಳಿದರು, ದೊಡ್ಡ ಲೋಟದಲ್ಲಿ. ಕುಡಿದು ಎದ್ದವರು ನನ್ನತ್ತ ತಿರುಗಿ, "ಕಪಾಟಿನಲ್ಲಿ ನಿನ್ನದೊಂದು ಕಟ್ಟು ಇದೆ. ನಾಳೆ ಮೊದಲ ಶುಕ್ರವಾರ. ಹಾಸಿಗೆ ಹಿಡಿದವರಿಗೆ ಪರಮಪ್ರಸಾದ ಕೊಂಡುಹೋಗುವಾಗ ಅದನ್ನೂ ಕೊಂಡುಹೋಗು, ಯಾರಿಗಾದರೂ ಬೇಕಾದೀತು" ಎಂದರು.